ರಾತ್ರಿ ಪಾಳಿಯ ಲೆಕ್ಕ ಕೊಡಿ: ಆರೋಗ್ಯ ಸಚಿವರಿಗೆ ರಾಯಚೂರಿನ ನಿವೃತ್ತ ಸಿಸ್ಟರ್ ಬರೆದ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ನಮ್ಮ ಭಾಗದ ಸರ್ಕಾರಿ ಆಸ್ಪತ್ರೆಗಳಲ್ಲಿ ರಾತ್ರಿ ಇರುವ ಸಿಸ್ಟರ್‌ಗಳ ಸಂಖ್ಯೆ ಮತ್ತು ಅವರ ಮಾತಿಗೆ ಸಿಗುವ ಬೆಲೆ

ಮಾನ್ಯರೇ,

ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ 29 ವರ್ಷ ಕೆಲಸ ಮಾಡಿದವಳು. ಕಳೆದ ವರ್ಷ ನಿವೃತ್ತಳಾದೆ. ಕೊನೆಯ ಹನ್ನೊಂದು ವರ್ಷ ಹೆಂಗಸರ ವಾರ್ಡಿನ ಇನ್‌ಚಾರ್ಜ್ ಆಗಿದ್ದೆ. ಸರ್ಕಾರಿ ಕಾಗದದಲ್ಲಿ ಈಗ ನಮ್ಮನ್ನು ಶುಶ್ರೂಷಾಧಿಕಾರಿ ಅಂತ ಬರೆಯುತ್ತಾರೆ. ಹೆಸರಿನೊಳಗೆ ಅಧಿಕಾರ ಬಂದು ಕೂತಿದೆ. ವಾರ್ಡಿನಲ್ಲಿ ಮಾತ್ರ ಇವತ್ತಿಗೂ "ಸಿಸ್ಟರಮ್ಮಾ, ಬಾಟ್ಲಿ ಮುಗೀತ್ರೀ" ಅಂತಲೇ ಕೂಗುತ್ತಾರೆ. ನನಗೂ ಅದೇ ಇಷ್ಟ.

ಈ ಪತ್ರವನ್ನು ಹತ್ತು ವರ್ಷದ ಹಿಂದೆಯೇ ಬರೆಯಬೇಕಿತ್ತು. ಆಗ ಬರೆದಿದ್ದರೆ ಮೆಮೋ ಬರುತ್ತಿತ್ತು. ಈಗ ಪಿಂಚಣಿ ಮಂಜೂರಾಗಿದೆ. ಧೈರ್ಯ ಬಂದಿದೆ ಅಂತ ಹೇಳಲಾರೆ, ಕೈಗೆ ಸಿಗದ ದೂರಕ್ಕೆ ಬಂದಿದ್ದೇನೆ ಅಷ್ಟೆ.

ಒಂದು ರಾತ್ರಿಯಿಂದ ಶುರು ಮಾಡುತ್ತೇನೆ. ಬೇಸಿಗೆ, ನಮ್ಮ ಊರಿನ ಬಿಸಿಲು ನಿಮಗೆ ಗೊತ್ತೇ ಇದೆ. ವಾರ್ಡಿನಲ್ಲಿ ಮಂಚ ಮೂವತ್ತು, ರೋಗಿಗಳು ನಲವತ್ತಾರು. ಉಳಿದವರು ನೆಲದ ಮೇಲೆ, ಮನೆಯಿಂದ ತಂದ ಕೌದಿ ಹಾಸಿಕೊಂಡು ಮಲಗಿದ್ದರು. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಡ್ಯೂಟಿಗೆ ಒಬ್ಬಳೇ ಹುಡುಗಿ. ಗುತ್ತಿಗೆಯವಳು, ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತೋ ಇಲ್ಲವೋ. ಆ ರಾತ್ರಿ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದರು. ಇಬ್ಬರದೂ ಹುಲಿಗಿ ದೇವಿಯ ಹೆಸರು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಯಾವ ವಾರ್ಡಿಗೆ ಹೋದರೂ ಆ ಹೆಸರಿನವರು ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ಒಬ್ಬರಿಗೆ ಬರೆದಿದ್ದ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಇನ್ನೊಬ್ಬರಿಗೆ ಹೋಯಿತು.

ಪುಣ್ಯಕ್ಕೆ ಏನೂ ಆಗಲಿಲ್ಲ. ಅರ್ಧ ಗಂಟೆಯೊಳಗೆ ಹುಡುಗಿಗೆ ತಾನೇ ಗೊತ್ತಾಯಿತು. ಡ್ಯೂಟಿ ಡಾಕ್ಟರನ್ನು ಕರೆದಳು, ಬೆಳಗಿನವರೆಗೆ ಆ ತಾಯಿಯ ಬಿಪಿ ನೋಡುತ್ತಾ ಕೂತಳು. ಬೆಳಗ್ಗೆ ನಾನು ಬಂದ ಕೂಡಲೇ ಅಳುತ್ತಾ ಹೇಳಿದಳು. ಅದನ್ನು ರಿಪೋರ್ಟ್ ಪುಸ್ತಕದಲ್ಲಿ ಬರಿ ಅಂತ ಹೇಳಿದವಳು ನಾನೇ. "ಬರೆದರೆ ಒಳ್ಳೇದಮ್ಮಾ, ನಾಳೆ ಇನ್ನೊಬ್ಬಳಿಗೆ ಹೀಗಾಗಬಾರದು" ಅಂದೆ. ಒಂದೇ ಹೆಸರಿನವರಿಗೆ ಕೈಗೆ ಬೇರೆ ಬಣ್ಣದ ಪಟ್ಟಿ ಕಟ್ಟೋಣ, ರಾತ್ರಿಗೆ ಇನ್ನೊಬ್ಬರನ್ನು ಕೊಡಿ ಅಂತ ಅದರ ಕೆಳಗೆ ನಾನೂ ಎರಡು ಸಾಲು ಬರೆದು ಮೇಲೆ ಕಳಿಸಿದೆ.

ಮೂರನೇ ದಿನ ಉತ್ತರ ಬಂತು. ಪಟ್ಟಿ ಬರಲಿಲ್ಲ, ಇನ್ನೊಬ್ಬರೂ ಬರಲಿಲ್ಲ. ಹುಡುಗಿಗೆ ಕಾರಣ ಕೇಳಿ ನೋಟಿಸ್ ಬಂತು. ಆಮೇಲೆ ಸಂಬಳ ಕಡಿತ. ಅದಾದ ಮೇಲೆ ಎರಡು ವರ್ಷ ನನ್ನ ವಾರ್ಡಿನ ಪುಸ್ತಕದಲ್ಲಿ ಒಂದೇ ಒಂದು ತಪ್ಪು ದಾಖಲಾಗಲಿಲ್ಲ. ತಪಾಸಣೆಗೆ ಬಂದವರು ಪುಸ್ತಕ ತಿರುವಿ "ವೆರಿ ಗುಡ್" ಅಂದರು. ತಪ್ಪಾಗುವುದು ನಿಂತಿತ್ತು ಅಂತ ನೀವು ನಂಬುತ್ತೀರಾ? ನಾನಂತೂ ನಂಬಲಿಲ್ಲ, ಯಾಕಂದರೆ ನಾನು ಅಲ್ಲೇ ಇದ್ದೆ. ಹುಡುಗಿಯರು ಬರೆಯುವುದನ್ನು ಬಿಟ್ಟಿದ್ದರು.

ನಿವೃತ್ತಿಯಾದ ಮೇಲೆ ವಾರಕ್ಕೆರಡು ದಿನ ಒಂದು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅಲ್ಲಿನ ಗ್ರಂಥಾಲಯದಲ್ಲಿ ಕೂತು ಓದುವಾಗ ಒಂದು ಹಳೆಯ ಅಧ್ಯಯನ ಸಿಕ್ಕಿತು. ಏಮಿ ಎಡ್ಮಂಡ್‌ಸನ್ ಎಂಬ ಅಮೆರಿಕದ ಸಂಶೋಧಕಿ 1996ರಲ್ಲಿ ಪ್ರಕಟಿಸಿದ್ದು. ಆಸ್ಪತ್ರೆಯ ಯಾವ ಘಟಕದಲ್ಲಿ ಒಳ್ಳೆಯ ಮುಖ್ಯಸ್ಥೆ ಇದ್ದಾಳೋ ಅಲ್ಲಿ ಔಷಧಿಯ ತಪ್ಪುಗಳು ಕಡಿಮೆ ಇರುತ್ತವೆ ಅಂತ ಅವರು ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ಮುಖ್ಯಸ್ಥೆ ಇದ್ದ ಕಡೆಯೇ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಇಷ್ಟೇ. ಅಲ್ಲಿ ನರ್ಸ್‌ಗಳಿಗೆ ಹೇಳಲು ಭಯ ಇರಲಿಲ್ಲ. ಬೈಗುಳ ಸಿಗುವ ಕಡೆ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಇದನ್ನು ಓದಿ ನನಗೆ ಆ ಹುಡುಗಿಯ ಮುಖ ನೆನಪಾಯಿತು. ಅವತ್ತು ಮನೆಗೆ ಬಂದವಳು ಊಟ ಮಾಡಲಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ಲೆಕ್ಕ ಕೇಳಿದರೆ ಇಲಾಖೆಯಿಂದ ಬರುವ ಉತ್ತರ ಯಾವಾಗಲೂ ಹುದ್ದೆಯ ಲೆಕ್ಕ. ಮಂಜೂರಾದ ಹುದ್ದೆ ಇಷ್ಟು, ಭರ್ತಿಯಾದದ್ದು ಇಷ್ಟು, ಖಾಲಿ ಇಷ್ಟು. ನನ್ನ ವಾರ್ಡಿಗೆ ಕಾಗದದ ಮೇಲೆ 12 ಜನ ಇದ್ದರು. ಕೇಳುವವರಿಗೆ ಸಾಕಷ್ಟಿದೆಯಲ್ಲ ಅನ್ನಿಸುತ್ತದೆ. ಆದರೆ ವಾರ್ಡಿಗೆ ಭಾನುವಾರ ಇಲ್ಲ, ಯುಗಾದಿ ಇಲ್ಲ. ವಾರಕ್ಕೆ 168 ಗಂಟೆ ಅದು ತೆರೆದೇ ಇರುತ್ತದೆ. ಒಬ್ಬ ಸಿಸ್ಟರ್ ವಾರಕ್ಕೆ 48 ಗಂಟೆ ದುಡಿದರೆ, ಒಂದು ಜಾಗದಲ್ಲಿ ಸದಾ ಒಬ್ಬಳು ನಿಂತಿರಬೇಕಾದರೆ ಮೂರೂವರೆ ಜನ ಬೇಕು. ರಜೆ, ಜ್ವರ, ಹೆರಿಗೆ ಅಂತ ಶೇ 30ರಷ್ಟು ಸೇರಿಸಿದರೆ ನಾಲ್ಕೂವರೆ. ಅಂದರೆ 12 ಹುದ್ದೆ ಪೂರ್ತಿ ತುಂಬಿದ್ದರೂ ಯಾವುದೇ ಹೊತ್ತಿಗೆ ವಾರ್ಡಿನಲ್ಲಿ ಎರಡೂವರೆ ಜನ ಸಿಗುತ್ತಾರೆ.

ಆ 12ರಲ್ಲಿ ಇಬ್ಬರು ಹೆರಿಗೆ ರಜೆಯಲ್ಲಿದ್ದರು. ಒಬ್ಬಳನ್ನು ಯೋಜನೆಗಳ ಬಿಲ್ ಕಂಪ್ಯೂಟರಿಗೆ ಹಾಕಲು ಕೂರಿಸಿದ್ದರು. ಒಬ್ಬಳು ಸ್ಟೋರಿನಲ್ಲಿ. ಇನ್ನೊಬ್ಬಳು "ನಿಯೋಜನೆ" ಮೇಲೆ ಬೆಂಗಳೂರಿನಲ್ಲಿ. ಸಂಬಳ ನಮ್ಮ ಆಸ್ಪತ್ರೆಯ ಲೆಕ್ಕದಲ್ಲಿ, ಕೆಲಸ ಅಲ್ಲಿ. ಉಳಿದವರು ಏಳು. ಏಳು ಜನರಲ್ಲಿ ರಾತ್ರಿಗೆ ಒಬ್ಬಳನ್ನು ಬಿಟ್ಟು ಇನ್ನೊಬ್ಬಳನ್ನು ಎಲ್ಲಿಂದ ತರಲಿ?

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ನಿಮ್ಮ ಅಧಿಕಾರಿಗಳ ಬಳಿ ಇದ್ದೇ ಇರುತ್ತದೆ. ಸಾಮಾನ್ಯ ವಾರ್ಡಿಗೆ ಬೋಧನಾ ಆಸ್ಪತ್ರೆಯಾದರೆ 3 ರೋಗಿಗೆ ಒಬ್ಬರು, ಬೇರೆ ಆಸ್ಪತ್ರೆಯಾದರೆ 5 ರೋಗಿಗೆ ಒಬ್ಬರು, ರಜೆಗೆ ಅಂತ ಶೇ 30 ಹೆಚ್ಚುವರಿ. ಆ ಲೆಕ್ಕದಲ್ಲಿ ನಲವತ್ತಾರು ರೋಗಿಗಳಿಗೆ ಎಲ್ಲಾ ಪಾಳಿ ಸೇರಿ, ರಜೆಯ ಹೆಚ್ಚುವರಿ ಬಿಟ್ಟೇ, ಒಂಬತ್ತು ಜನ ಬೇಕಿತ್ತು. ಒಂಬತ್ತು ಜನ ಸಿಸ್ಟರ್‌ಗಳನ್ನು ಒಟ್ಟಿಗೆ ನಾನು ನೋಡಿದ್ದು ಗ್ರೂಪ್ ಫೋಟೋದಲ್ಲಿ ಮಾತ್ರ.

"ಕಷ್ಟ ಇದೆ, ಆದರೂ ನಡೆಯುತ್ತಿದೆ ಅಲ್ವಾ?" ಅಂತ ಒಬ್ಬ ಹಿರಿಯ ಅಧಿಕಾರಿ ನನ್ನನ್ನೇ ಕೇಳಿದ್ದರು. ನಡೆಯುತ್ತದೆ. ಹೇಗೆ ನಡೆಯುತ್ತದೆ ಅನ್ನುವುದನ್ನು ಅಳೆದವರಿದ್ದಾರೆ. ಲಿಂಡಾ ಐಕೆನ್ ಮತ್ತು ಅವರ ಸಂಗಡಿಗರು 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ಪ್ರಕಟಿಸಿದರು. ಆಪರೇಷನ್ ಆದ ರೋಗಿಗಳ ವಿಷಯ. ಒಬ್ಬ ನರ್ಸ್ ಕೈಗೆ ಇನ್ನೊಬ್ಬ ರೋಗಿ ಸೇರಿದಂತೆಲ್ಲಾ, 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತಾ ಹೋಗಿತ್ತು. ನರ್ಸ್ ಬಳಲಿ ಬೇಸತ್ತು ಹೋಗುವ ಸಂಭವ ಶೇ 23ರಷ್ಟು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ನೋಡಿದರು. ಅಲ್ಲಿಯೂ ಅದೇ ಶೇ 7.

ಅಮೆರಿಕದ ಲೆಕ್ಕ ಮಾನ್ವಿಗೆ, ದೇವದುರ್ಗಕ್ಕೆ ಹೊಂದುವುದಿಲ್ಲ ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ಅಲ್ಲಿನ ಅಂಕಿಯನ್ನು ತಂದು ಇಲ್ಲಿ ಹಚ್ಚಲು ಆಗುವುದಿಲ್ಲ. ಆದರೆ ಯಾಕೆ ಹೊಂದುವುದಿಲ್ಲ ಅನ್ನುವುದನ್ನೂ ನೋಡಿ. ಆ 2002ರ ಅಧ್ಯಯನದಲ್ಲಿ ಒಬ್ಬ ನರ್ಸ್‌ಗೆ ಸರಾಸರಿ 4 ರೋಗಿಗಳಿದ್ದ ಆಸ್ಪತ್ರೆಯನ್ನು 8 ರೋಗಿಗಳಿದ್ದ ಆಸ್ಪತ್ರೆಗೆ ಹೋಲಿಸಿದ್ದಾರೆ. ಎಂಟು ಅನ್ನುವುದು ಅವರಿಗೆ ಕೆಟ್ಟ ಸ್ಥಿತಿ. ನಲವತ್ತಾರು ಅನ್ನುವ ಅಂಕಿ ಅವರ ಕೋಷ್ಟಕದಲ್ಲೇ ಇಲ್ಲ.

ಹಣದ ಮಾತು ಬಂದೇ ಬರುತ್ತದೆ, ಅದಕ್ಕೆ ಇದನ್ನೂ ಹೇಳುತ್ತೇನೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2016ರಲ್ಲಿ ಕಾನೂನು ತಂದು ಹಗಲು 4 ರೋಗಿಗೆ ಒಬ್ಬರು, ರಾತ್ರಿ 7 ರೋಗಿಗೆ ಒಬ್ಬರು ಇರಲೇಬೇಕು ಅಂತ ಮಾಡಿತು. ಕಾನೂನು ಜಾರಿಯಾದ 27 ಆಸ್ಪತ್ರೆಗಳನ್ನು ಜಾರಿಯಾಗದ 28ರ ಜೊತೆ ಹೋಲಿಸಿ 2021ರಲ್ಲಿ ವರದಿ ಬಂತು. ಕಾನೂನು ಇದ್ದ ಕಡೆ ರೋಗಿಗಳು ಬೇಗ ಮನೆಗೆ ಹೋದರು, ತಿರುಗಿ ದಾಖಲಾಗುವುದು ಬೇರೆ ಕಡೆ ಹೆಚ್ಚಿದರೂ ಅಲ್ಲಿ ಹೆಚ್ಚಲಿಲ್ಲ. ಅದರಿಂದ ಉಳಿದ ಹಣ ಹೊಸ ನರ್ಸ್‌ಗಳ ಸಂಬಳಕ್ಕಿಂತ ದುಪ್ಪಟ್ಟಿಗೂ ಹೆಚ್ಚು. ನಮ್ಮ ಹಣಕಾಸು ಇಲಾಖೆಯವರು ಇದನ್ನು ಓದಿದರೆ ಒಳ್ಳೆಯದು.

ನಿಯೋಜನೆಯ ಬಗ್ಗೆ ಇನ್ನೊಂದು ಮಾತು. ನಮ್ಮ ಜಿಲ್ಲೆಯಿಂದ ಕೂಲಿಯವರು ಬೆಂಗಳೂರಿಗೆ ಗುಳೆ ಹೋಗುವುದನ್ನು ಪೇಪರಿನವರು ಬರೆಯುತ್ತಾರೆ. ಸಿಸ್ಟರ್‌ಗಳೂ ಗುಳೆ ಹೋಗುತ್ತಾರೆ, ಸರ್ಕಾರಿ ಆದೇಶ ಕೈಯಲ್ಲಿ ಹಿಡಿದುಕೊಂಡು. ಹೋದವರನ್ನು ನಾನು ಬೈಯುವುದಿಲ್ಲ. ಗಂಡ ಅಲ್ಲಿರುತ್ತಾನೆ, ಮಕ್ಕಳ ಶಾಲೆ ಅಲ್ಲಿರುತ್ತದೆ, ವಯಸ್ಸಾದ ತಾಯಿ ಇರುತ್ತಾಳೆ. ಆದರೆ 371ಜೆ ಬಂದಾಗ ನಾವು ಎಷ್ಟು ಖುಷಿಪಟ್ಟಿದ್ದೆವು! 2013ರಲ್ಲಿ ಆಸ್ಪತ್ರೆಯಲ್ಲಿ ಪೇಡಾ ಹಂಚಿದ್ದು ನೆನಪಿದೆ. ಈ ಭಾಗದ ಹುದ್ದೆ ಈ ಭಾಗದವರಿಗೆ ಅಂತ ಸಂವಿಧಾನದಲ್ಲೇ ಬರೆದ ಮೇಲೆ, ಆ ಹುದ್ದೆಯ ಕೆಲಸವೂ ಈ ಭಾಗದಲ್ಲೇ ನಡೆಯಬೇಕು ಅಲ್ವಾ? ಹುದ್ದೆ ಭರ್ತಿ ಅಂತ ಕಾಗದ ಹೇಳುವುದರಿಂದ ಅಲ್ಲಿ ಹೊಸಬರನ್ನು ತುಂಬಲು ಕೂಡ ಆಗುವುದಿಲ್ಲ.

ಗುತ್ತಿಗೆಯ ಹುಡುಗಿಯರಾದರೋ ಎರಡು ವರ್ಷ ಅನುಭವ ಆಗುವುದನ್ನೇ ಕಾಯುತ್ತಾರೆ. ಅನುಭವ ಪ್ರಮಾಣಪತ್ರ ಕೈಗೆ ಬಂದ ದಿನ ಗಲ್ಫ್ ಏಜೆನ್ಸಿಗೆ ಫೋನ್. ಜಗತ್ತಿಗೆ ಇನ್ನೂ 59 ಲಕ್ಷ ನರ್ಸ್‌ಗಳು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ವರದಿಯಲ್ಲೇ ಹೇಳಿತ್ತು. ಬೇಡಿಕೆ ಇರುವ ಕಡೆ ಅವರು ಹೋಗುತ್ತಾರೆ. ಅದೇ ವಾರ್ಡ್, ಅದೇ ಸೂಜಿ, ಅದೇ ರಾತ್ರಿ, ಸಂಬಳ ಮಾತ್ರ ಬೇರೆ ಅನ್ನುವ ಕಡೆ ಯಾರು ಇರುತ್ತಾರೆ? ಖಾಸಗಿಯವರ ಕಥೆ ಇದಕ್ಕಿಂತ ಕಷ್ಟ. ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ಸಂಬಳಕ್ಕೆ ಸಮ ಇರಬೇಕು ಅಂತ ಶಿಫಾರಸು ಮಾಡಿತ್ತು. ನನ್ನ ವಿದ್ಯಾರ್ಥಿನಿಯರು ಮೊದಲ ಸಂಬಳದ ಮೊತ್ತ ಹೇಳುವಾಗ ದನಿ ತಗ್ಗಿಸುತ್ತಾರೆ.

ಇನ್ನು ನಮ್ಮೊಳಗಿನ ಮಾತು. ನಾಯಕತ್ವ ಅಂತ ಪುಸ್ತಕದಲ್ಲಿ ಬರುತ್ತದಲ್ಲ, ಅದು. ನಾನು ಇನ್‌ಚಾರ್ಜ್ ಆದದ್ದು ಸೀನಿಯಾರಿಟಿಯಿಂದ. ಶುಕ್ರವಾರದವರೆಗೆ ಇಂಜೆಕ್ಷನ್ ಕೊಡುತ್ತಿದ್ದೆ, ಶನಿವಾರದಿಂದ ಇಡೀ ವಾರ್ಡಿನವರ ಕೆಲಸ, ಜಗಳ, ಕಣ್ಣೀರು ಎಲ್ಲಾ ನನ್ನ ತಲೆಗೆ. ಒಂದು ದಿನದ ತರಬೇತಿಯೂ ಇಲ್ಲ. ಕೈಗೆ ಕೊಟ್ಟದ್ದು ಬೀಗದ ಗೊಂಚಲು ಮತ್ತು ಸ್ಟಾಕ್ ಪುಸ್ತಕ. ಚಾದರ ಎಷ್ಟು, ಟ್ರೇ ಎಷ್ಟು, ಸ್ಟೂಲ್ ಎಷ್ಟು. ನಿವೃತ್ತಿಯ ವಾರದಲ್ಲಿ ನೋ ಡ್ಯೂ ಪತ್ರಕ್ಕಾಗಿ ಅಲೆದೆ. ಎರಡು ಕಿಡ್ನಿ ಟ್ರೇ ಮತ್ತು ಕಾಲು ಮುರಿದ ಒಂದು ಸ್ಟೂಲಿನ ಲೆಕ್ಕ ಸಿಗದೆ ಮೂರು ದಿನ ಕಾಗದ ನಿಂತಿತು. ಹನ್ನೊಂದು ವರ್ಷದಲ್ಲಿ ನನ್ನ ಕೈಕೆಳಗೆ ಎಷ್ಟು ಹುಡುಗಿಯರು ಕೆಲಸ ಬಿಟ್ಟರು, ಯಾಕೆ ಬಿಟ್ಟರು ಅಂತ ಒಬ್ಬರೂ ಕೇಳಲಿಲ್ಲ. ಸ್ಟೂಲಿಗೆ ಲೆಕ್ಕ ಇದೆ ಸ್ವಾಮಿ.

ಕೆನಡಾದ ಗ್ರೆಟಾ ಕಮಿಂಗ್ಸ್ ತಂಡ ಈ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲಾ ಒಟ್ಟು ಮಾಡಿ ನೋಡಿದೆ. 2010ರಲ್ಲಿ 53 ಅಧ್ಯಯನ, 2018ರಲ್ಲಿ 129. ಕೆಲಸ ಮುಗಿಯಿತಾ ಅಂತ ಮಾತ್ರ ನೋಡುವ ಮುಖ್ಯಸ್ಥರ ಕೈಕೆಳಗಿನವರಿಗಿಂತ, ಜನರ ಜೊತೆ ಮಾತಾಡುವ ಮುಖ್ಯಸ್ಥರ ಕೈಕೆಳಗಿನವರು ಕೆಲಸದಲ್ಲಿ ಹೆಚ್ಚು ತೃಪ್ತಿಯಿಂದ ಇರುತ್ತಾರೆ ಅನ್ನುವುದು ಅದರ ಸಾರ. ನಮ್ಮಜ್ಜಿಗೂ ಗೊತ್ತಿದ್ದ ಮಾತು ಅನ್ನಬಹುದು. ಆದರೆ ನಾನೂ ಮೊದಲ ಎರಡು ವರ್ಷ ಬೈಯುವ ಇನ್‌ಚಾರ್ಜ್ ಆಗಿದ್ದೆ. ನನಗೆ ಕಲಿಸಿದ ಸಿಸ್ಟರ್ ಹಾಗಿದ್ದರು, ಅವರಿಗೆ ಕಲಿಸಿದವರೂ ಹಾಗೇ. ಬೇರೆ ದಾರಿ ಇದೆ ಅಂತ ತೋರಿಸಿದವರಿರಲಿಲ್ಲ.

ನನಗಿಂತ ಮೇಲಿನ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂಗೆ ಎಷ್ಟು ಅಧಿಕಾರ ಇತ್ತು ಗೊತ್ತಾ? ಡ್ಯೂಟಿ ಪಟ್ಟಿ ಬರೆಯುವಷ್ಟು. ಹೊಸ ವಾರ್ಡ್ ತೆರೆಯುವಾಗ ಅವರನ್ನು ಕೇಳಲಿಲ್ಲ. ಉದ್ಘಾಟನೆಯ ಹಿಂದಿನ ಸಂಜೆ "ನಾಳೆಯಿಂದ ಇಲ್ಲಿಗೂ ಸಿಸ್ಟರ್ ಹಾಕಿ" ಅಂತ ಹೇಳಿದರು. ಆಸ್ಪತ್ರೆಯ ಆಡಳಿತ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಅವರು ಬರುತ್ತಿದ್ದುದು ಚಹಾ ಸರಿಯಾಗಿ ಬಂತಾ ಅಂತ ನೋಡಲು. ಆಸ್ಪತ್ರೆಯಲ್ಲಿ ಎಲ್ಲರಿಗಿಂತ ದೊಡ್ಡ ಸಿಬ್ಬಂದಿ ಗುಂಪು ಅವರ ಕೈಕೆಳಗೆ, ಸಭೆಯಲ್ಲಿ ಅವರ ಕುರ್ಚಿ ಬಾಗಿಲ ಪಕ್ಕ.

ಉಳಿದ ಕಷ್ಟಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಚಿಲಕ ಇಲ್ಲದ ಶೌಚಾಲಯ. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಹಳೆಯ ಮಂಚ ತುಂಬಿಟ್ಟದ್ದು. ರಾತ್ರಿ ಎಂಟಕ್ಕೆ ಪಾಳಿ ಮುಗಿದರೆ ಹಳ್ಳಿಗೆ ಬಸ್ಸಿಲ್ಲ. ಕುಡಿದು ಬಂದ ರೋಗಿಯ ಸಂಬಂಧಿ ಕೈ ಎತ್ತಿದರೆ ಕಾವಲಿನವನು ಗೇಟಿನಲ್ಲಿ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದ ಕಾನೂನಿದೆ, ಲೈಂಗಿಕ ಕಿರುಕುಳಕ್ಕೆ 2013ರ ಕಾನೂನಿದೆ. ಕಿರುಕುಳದ ದೂರು ಕೇಳುವ ಸಮಿತಿಯಲ್ಲಿ ಯಾರಿದ್ದಾರೆ ಅಂತ ನನ್ನ ಹುಡುಗಿಯರಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಬಹಳ ವರ್ಷ ನನಗೂ ಗೊತ್ತಿರಲಿಲ್ಲ. ಮುಂಬೈ ಕೆಇಎಂ ಆಸ್ಪತ್ರೆಯಲ್ಲಿ 1973ರಲ್ಲಿ ಹಲ್ಲೆಗೊಳಗಾಗಿ 42 ವರ್ಷ ಹಾಸಿಗೆಯಲ್ಲೇ ಉಳಿದ ಅರುಣಾ ಶಾನಭಾಗ ನಮ್ಮ ಉತ್ತರ ಕನ್ನಡದ ಹಳದೀಪುರದವರು. ಅವತ್ತು ಅವರು ಬಟ್ಟೆ ಬದಲಾಯಿಸಲು ಹೋಗಿದ್ದರು. ಆ ಕೋಣೆಯ ಮಾತು ಬಂದಾಗಲೆಲ್ಲಾ ನನಗೆ ಅವರು ನೆನಪಾಗುತ್ತಾರೆ.

ಈಗ ನನ್ನ ಕೋರಿಕೆ.

ಮೊದಲನೆಯದು, ರಾತ್ರಿಯ ಲೆಕ್ಕ. ಪ್ರತಿ ವಾರ್ಡಿನ ಬಾಗಿಲಿಗೆ ಒಂದು ಬೋರ್ಡ್ ಹಾಕಿಸಿ. ಇವತ್ತು ರಾತ್ರಿ ರೋಗಿಗಳು ಇಷ್ಟು, ಸಿಸ್ಟರ್‌ಗಳು ಇಷ್ಟು. ಸೀಮೆಸುಣ್ಣದಲ್ಲಿ ಬರೆದರೂ ಸಾಕು. ತಿಂಗಳಿಗೊಮ್ಮೆ ಅದನ್ನು ಇಲಾಖೆ ಜನರ ಮುಂದೆ ಇಡಲಿ. ಹುದ್ದೆಯ ಲೆಕ್ಕ ಕೊಟ್ಟು ನಮ್ಮ ಬಾಯಿ ಮುಚ್ಚಿಸಬೇಡಿ. ಒಬ್ಬಳಿಗೆ ಇಷ್ಟಕ್ಕಿಂತ ಹೆಚ್ಚು ರೋಗಿಗಳು ಇರಬಾರದು ಅಂತ ಒಂದು ಮಿತಿ ಹಾಕಿ. ನಾಳೆಯೇ ಐದಕ್ಕೆ ಒಬ್ಬರನ್ನು ಕೊಡಿ ಅಂತ ಕೇಳುವಷ್ಟು ದಡ್ಡಿ ನಾನಲ್ಲ. ರಾತ್ರಿ ಯಾವ ವಾರ್ಡಿನಲ್ಲೂ ಒಬ್ಬಳೇ ಇರಬಾರದು, ಅಲ್ಲಿಂದ ಶುರುವಾಗಲಿ. ಬಿಲ್ ಹಾಕಲು, ಸ್ಟೋರ್ ನೋಡಲು ಗುಮಾಸ್ತರನ್ನು ಕೊಟ್ಟರೆ ಅಷ್ಟು ಸಿಸ್ಟರ್‌ಗಳು ನಾಳೆಯೇ ವಾರ್ಡಿಗೆ ವಾಪಸ್ ಬರುತ್ತಾರೆ. ಕಲ್ಯಾಣ ಕರ್ನಾಟಕದ ಹೊರಗೆ ಇರುವ ನಿಯೋಜನೆಗಳನ್ನು ರದ್ದು ಮಾಡಿ, ಇಲ್ಲವೇ ಆ ಹುದ್ದೆಯನ್ನು ಖಾಲಿ ಅಂತ ಒಪ್ಪಿಕೊಂಡು ತುಂಬಿ.

ಎರಡನೆಯದು ನನಗೆ ಇನ್ನೂ ಮುಖ್ಯ. ತಾನಾಗಿ ಬಂದು ತಪ್ಪು ಬರೆದವಳಿಗೆ ಮೆಮೋ ಕೊಡಬಾರದು ಅಂತ ಒಂದು ಆದೇಶ ಹೊರಡಿಸಿ. ಬೇಜವಾಬ್ದಾರಿ ಬೇರೆ, ಅದಕ್ಕೆ ಶಿಕ್ಷೆ ಇರಲಿ. ನಲವತ್ತಾರು ಜನರ ನಡುವೆ ಒಬ್ಬಳೇ ಓಡಾಡುವಾಗ ಆದ ತಪ್ಪು ಬೇರೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಐವಿ ದ್ರಾವಣದ ಬಗ್ಗೆ ಮಾತಾಡಿತು. ಮಾತಾಡಬೇಕಾದದ್ದೇ. ಆದರೆ ಒಂದು ಬಾಟಲಿ ಸರಿಯಿಲ್ಲ ಅಂತ ಮೊದಲು ಅನುಮಾನ ಬರುವುದು ಅದನ್ನು ಏರಿಸುವ ಕೈಗೆ. ಆ ಕೈ ಯಾವ ಆಸ್ಪತ್ರೆಯಲ್ಲಾದರೂ ಹೆದರದೆ ಬರೆಯುವಂತಿರಬೇಕು.

ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಆರೋಗ್ಯ ರಕ್ಷಾ ಸಮಿತಿಯಲ್ಲಿ ಸದಸ್ಯತ್ವ ಕೊಡಿ, ಮತ ಹಾಕುವ ಸದಸ್ಯತ್ವ. ಇನ್‌ಚಾರ್ಜ್ ಆಗುವವರಿಗೆ ಮೊದಲೇ ತರಬೇತಿ ಕೊಡಿ. ಮುರಿದ ಸ್ಟೂಲಿನ ಲೆಕ್ಕವನ್ನು ಬೇರೆ ಯಾರಿಗಾದರೂ ವಹಿಸಿ.

ಸಂಶೋಧನೆಯ ವಿಷಯಕ್ಕೂ ಒಂದು ಕೋರಿಕೆ ಇದೆ, ಸ್ವಲ್ಪ ನಗು ಬಂದರೆ ಕ್ಷಮಿಸಿ. ನಮ್ಮ ರಾಜ್ಯದಲ್ಲಿ ಎಂಎಸ್ಸಿ ನರ್ಸಿಂಗ್ ಓದುವವರು ವರ್ಷ ವರ್ಷ ಪ್ರಬಂಧ ಬರೆಯುತ್ತಾರೆ. ಶೀರ್ಷಿಕೆ ಬಾಯಿಪಾಠ ಆಗಿಬಿಟ್ಟಿದೆ: ಇಂಥ ರೋಗದ ಬಗ್ಗೆ ಇಂಥ ಊರಿನ ತಾಯಂದಿರ ತಿಳುವಳಿಕೆ, ಅದರ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂನ ಪರಿಣಾಮ. ತಾಯಂದಿರಿಗೆ ಎಷ್ಟು ಗೊತ್ತು ಅಂತ ಅಳೆದೂ ಅಳೆದೂ ಸಾಕಾಗಿದೆ. ನಮ್ಮನ್ನೂ ಒಮ್ಮೆ ಅಳೆಯಲಿ. ಅಮೆರಿಕದ ಸಂಶೋಧಕಿ ಐಲೀನ್ ಲೇಕ್ 2002ರಲ್ಲಿ ರೂಪಿಸಿದ 31 ಪ್ರಶ್ನೆಗಳ ಪಟ್ಟಿ ಇದೆ. ಆಸ್ಪತ್ರೆಯ ನಿರ್ಧಾರಗಳಲ್ಲಿ ನರ್ಸ್‌ಗೆ ಪಾಲಿದೆಯಾ, ಮುಖ್ಯಸ್ಥೆ ಬೆನ್ನಿಗೆ ನಿಲ್ಲುತ್ತಾಳಾ, ಜನ ಸಾಕಷ್ಟಿದ್ದಾರಾ, ಡಾಕ್ಟರ ಜೊತೆ ಸಂಬಂಧ ಹೇಗಿದೆ, ಇಂಥವು. ಅದನ್ನು ನಮ್ಮ ಕನ್ನಡಕ್ಕೆ ತಂದು ರಾಯಚೂರು, ಕೊಪ್ಪಳ, ಬಳ್ಳಾರಿಯ ಆಸ್ಪತ್ರೆಗಳಲ್ಲಿ ಹೆಸರು ಕೇಳದೆ ತುಂಬಿಸಲಿ. ವಿದ್ಯಾರ್ಥಿಗಳಿಗೆ ಪದವಿ, ನಿಮಗೆ ಮಾಹಿತಿ.

ರಾಯಚೂರಿನಲ್ಲಿ ಏಮ್ಸ್ ಬೇಕು ಅಂತ 2022ರಲ್ಲಿ ಜನ ಧರಣಿ ಶುರು ಮಾಡಿದರು. ರಜೆಯ ದಿನ ನಾನೂ ಒಂದೆರಡು ಸಲ ಪೆಂಡಾಲಿನ ಹಿಂದಿನ ಸಾಲಿನಲ್ಲಿ ಕೂತು ಬಂದಿದ್ದೇನೆ. ಬರಲಿ, ಬಂದೇ ಬರಲಿ. ಪಕ್ಕದಲ್ಲಿ ಕೂತಿದ್ದ ಅಜ್ಜ "ದೊಡ್ಡ ದವಾಖಾನಿ ಬಂದ್ರ ಎಲ್ಲಾ ಸರಿ ಹೋಕ್ಕೈತಿ ಬಿಡವ್ವ" ಅಂದರು. ನಾನು ಹೂಂ ಅಂದೆ. ಅವರಿಗೆ ಈ ನಾಲ್ಕೂವರೆ ಜನರ ಲೆಕ್ಕ ಹೇಳುವ ಮನಸ್ಸಾಗಲಿಲ್ಲ.

ಪ್ರತಿ ಮೇ 12ಕ್ಕೆ ನಮ್ಮ ಕೈಗೆ ಮೇಣದಬತ್ತಿ ಕೊಟ್ಟು ನೈಟಿಂಗೇಲ್ ಅವರ ಫೋಟೋಗೆ ಹಾರ ಹಾಕಿಸುತ್ತಾರೆ. 2020ರಲ್ಲಿ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂವೂ ಸುರಿದರು. ನೈಟಿಂಗೇಲ್ ದೀಪ ಹಿಡಿದಿದ್ದು ಎಲ್ಲರಿಗೂ ಗೊತ್ತು. ಅವರು ಸತ್ತ ಸೈನಿಕರ ಲೆಕ್ಕ ಇಟ್ಟು, ಗಾಯಕ್ಕಿಂತ ರೋಗದಿಂದ ಸತ್ತವರೇ ಹೆಚ್ಚು ಅಂತ ಚಿತ್ರ ಬರೆದು ಸರ್ಕಾರದ ಮುಂದೆ ಇಟ್ಟವರು. ನಾನೂ ನನ್ನ ಮಟ್ಟಿಗೆ ಲೆಕ್ಕ ಇಟ್ಟಿದ್ದೇನೆ. ಕಿರಾಣಿ ಅಂಗಡಿಯ ಉದ್ದನೆಯ ನೋಟ್‌ಬುಕ್, ಒಟ್ಟು ನಾಲ್ಕು. ಹನ್ನೊಂದು ವರ್ಷ, ನಾನು ಡ್ಯೂಟಿಯಲ್ಲಿದ್ದ ದಿನಗಳಲ್ಲೆಲ್ಲಾ, ಹಿಂದಿನ ರಾತ್ರಿ ರೋಗಿಗಳು ಎಷ್ಟು, ಸಿಸ್ಟರ್ ಎಷ್ಟು, ಏನು ತಪ್ಪಾಯಿತು, ಯಾವುದು ಪುಸ್ತಕಕ್ಕೆ ಬರಲಿಲ್ಲ ಎಲ್ಲಾ ಅದರಲ್ಲಿದೆ. ನಿಮ್ಮ ಇಲಾಖೆಯಿಂದ ಯಾರಾದರೂ ಕೇಳಿದರೆ ಕೊಡಲು ಸಿದ್ಧ.

ಮೂರನೇ ಕಾಲಂ ಮಾತ್ರ ಅದರಲ್ಲಿ ಇರುವುದಿಲ್ಲ. ಅಲ್ಲಿ ಸಿಸ್ಟರ್‌ಗಳ ಹೆಸರಿದೆ. ಕೆಲವರು ಇನ್ನೂ ಕೆಲಸದಲ್ಲಿದ್ದಾರೆ. ಅದನ್ನು ಕತ್ತರಿಯಿಂದ ಕತ್ತರಿಸಿ ತೆಗೆದು ಕೊಡುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ನಿವೃತ್ತ ಇನ್‌ಚಾರ್ಜ್ ಸಿಸ್ಟರ್,
ರಾಯಚೂರು